ಪದ ಪರಿಚಯ: ಡಿಜಿಟಲ್ ಸಾಕ್ಷರತೆ

ಹೋದ ವಾರ ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಒಂದು ಫ್ಲೆಕ್ಸ್ ಕಣ್ಣಿಗೆ ಬಿತ್ತು. ಯಾವುದೋ ಖಾಸಗಿ ಶಾಲೆಯದು. ‘ಶೇ 100 ಡಿಜಿಟಲ್ ಸಾಕ್ಷಾರತೆ ಹೊಂದಿದ ಶಾಲೆ’ ಅಂತ ದಪ್ಪಕ್ಷರದಲ್ಲಿ ಬರೆಸಿದ್ದರು. ಕೆಳಗೆ ಪ್ಲಾಸ್ಟಿಕ್ ಕವರ್ ಕೂಡ ತೆಗೆಯದ ಕಂಪ್ಯೂಟರುಗಳ ಸಾಲು, ಮುಂದೆ ರಿಬ್ಬನ್ನು, ಕತ್ತರಿ. ಕ್ಷಾರ ಅಂದರೆ ಸೋಡಾ, ಸುಣ್ಣದ ಜಾತಿ. ನಮ್ಮ ‘ಖಾರ’ ಹುಟ್ಟಿದ್ದೂ ಅದರಿಂದಲೇ. ಅಲ್ಲಿಗೆ ಆ ಶಾಲೆಯಲ್ಲಿ ಸೋಡಾ ಜಾಸ್ತಿ ಇದೆ ಎಂದಾಯಿತು.

ಒಂದು ದೀರ್ಘ ತಪ್ಪಿದ್ದರೆ ಸುಮ್ನೆ ಇರುತ್ತಿದ್ದೆ. ಅರ್ಥವೂ ತಪ್ಪಿದೆ. ಟ್ಯಾಬ್ ಹಂಚಿದರೆ ಡಿಜಿಟಲ್ ಸಾಕ್ಷರತೆ, ಪ್ರೊಜೆಕ್ಟರ್ ಹಾಕಿದರೆ ಡಿಜಿಟಲ್ ಸಾಕ್ಷರತೆ, ಮುದುಕರಿಗೆ ಫೋನ್‌ಪೇ ಕಲಿಸಿದರೂ ಅದೇ. ಈ ತಿಂಗಳಲ್ಲೇ ನಾನು ನೋಡಿದ ನಾಲ್ಕನೇ ಫ್ಲೆಕ್ಸ್ ಇದು.

ಸಾಕ್ಷರ ಅಂದರೆ ಸ + ಅಕ್ಷರ, ಅಕ್ಷರ ಉಳ್ಳವನು. ಅಕ್ಷರ ಅಂದರೆ ಕ್ಷರವಾಗದ್ದು, ಸವೆಯದ್ದು, ಅಳಿಯದ್ದು. (ಸುಳ್ಳು ಫಾರ್ವರ್ಡ್‌ಗಳನ್ನು ನೋಡಿದರೆ ಈ ಅರ್ಥ ಎಷ್ಟು ಸರಿ ಅನ್ನಿಸುತ್ತದೆ.) ಇದರ ಪಕ್ಕದಲ್ಲೇ ಸಾಕ್ಷಿ ಎಂಬ ಇನ್ನೊಂದು ಪದವಿದೆ. ಎರಡೂ ಅಣ್ಣತಮ್ಮಂದಿರು ಎಂದು ಬಹಳ ಜನ ನಂಬಿದ್ದಾರೆ. ‘ಸಾಕ್ಷಿ ಹೇಳಬಲ್ಲವನೇ ಸಾಕ್ಷರ’ ಎಂದು ಮೇಷ್ಟ್ರೊಬ್ಬರು ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದನ್ನು ನಾನೇ ಕೇಳಿದ್ದೇನೆ. ನಂಟಸ್ತನ ಇಲ್ಲವೇ ಇಲ್ಲ. ಸಾಕ್ಷಿಯೊಳಗೆ ಇರುವುದು ಅಕ್ಷಿ, ಅಂದರೆ ಕಣ್ಣು. ಕಣ್ಣಾರೆ ಕಂಡವನು ಸಾಕ್ಷಿ. ಕಣ್ಣೆದುರಿನದು ಪ್ರತ್ಯಕ್ಷ, ಕಣ್ಣಿಗೆ ಬೀಳದ್ದು ಪರೋಕ್ಷ.

ಕಣ್ಣನ್ನೂ ಪೂರ್ತಿ ನಂಬಬೇಡ ಅಂದವರು ನಮ್ಮವರು. ‘ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆಯ ‘ಪರಾಂಬರಿಸು’ ಪರಾಮರ್ಶೆಯಿಂದ ಬಂದದ್ದು. ಇನ್ನು ಸಂಸ್ಕೃತದ ಹಳೇ ಸುಭಾಷಿತವೊಂದು ‘ಸಾಕ್ಷರಾ’ ಎಂಬುದನ್ನು ತಿರುವಿ ಹಾಕಿದರೆ ‘ರಾಕ್ಷಸಾ’ ಆಗುತ್ತದೆ ಎಂದು ಕುಟುಕುತ್ತದೆ. ಓದು ಬಂದವರು ಕೆಟ್ಟರೆ ಹೇಗಿರುತ್ತಾರೆ ಎಂಬುದು ಆಗಲೂ ಗೊತ್ತಿತ್ತು. ಮೇಷ್ಟ್ರ ಬಗ್ಗೆ ಒಂದು ಮಾತು ಒಪ್ಪಬೇಕು: ಅವರ ವ್ಯುತ್ಪತ್ತಿ ತಪ್ಪು, ಆದರೆ ಅವರು ಹುಡುಕುತ್ತಿದ್ದ ಅರ್ಥ ತಪ್ಪಲ್ಲ. ಮೊಬೈಲಿನ ಕಾಲದಲ್ಲಿ ಅಕ್ಷರಕ್ಕಿಂತ ಅಕ್ಷಿಗೇ ಕೆಲಸ ಜಾಸ್ತಿ.

ಬರೀ ಸಾಕ್ಷರತೆಗೂ ನಮ್ಮ ಜನಗಣತಿ ಸುಮ್ನೆ ಅಂಕ ಕೊಡುವುದಿಲ್ಲ. 7 ವರ್ಷ ದಾಟಿದವರು ಯಾವುದಾದರೂ ಭಾಷೆಯನ್ನು ಅರ್ಥ ತಿಳಿದು ಓದಬೇಕು, ಬರೆಯಲೂ ಬೇಕು. ಹಾಗೆ ಅಳೆದಾಗ 2011ರಲ್ಲಿ ಯಾದಗಿರಿಗೆ ಸಿಕ್ಕಿದ್ದು ಶೇ 51.83, ರಾಜ್ಯದಲ್ಲೇ ಕೊನೆಯ ಸ್ಥಾನ. ಸಾಕ್ಷರತೆಯ ಮುಂದೆ ‘ಡಿಜಿಟಲ್’ ಸೇರಿದ ಕೂಡಲೇ ಆ ‘ಅರ್ಥ ತಿಳಿದು’ ಎಂಬ ಎರಡು ಪದ ಎಲ್ಲಿ ಹೋಗುತ್ತವೆ? 2017ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನದಲ್ಲಿ 20 ತಾಸಿನ ಪಾಠವಿತ್ತು. ಮೊಬೈಲ್ ಬಳಸುವುದು, ಇಂಟರ್ನೆಟ್ ನೋಡುವುದು, ಹಣ ಕಳಿಸುವುದು. ಬೇಕಾದ ಕೆಲಸವೇ. ಆದರೆ ಪದದ ಅರ್ಥ ಅಷ್ಟಕ್ಕೇ ನಿಂತುಬಿಟ್ಟಿತು. 1997ರಲ್ಲಿ ಇದೇ ಹೆಸರಿನ ಪುಸ್ತಕ ಬರೆದ ಅಮೆರಿಕದ ಪಾಲ್ ಗಿಲ್‌ಸ್ಟರ್, ಇದು ಕೀಲಿ ಒತ್ತುವ ವಿದ್ಯೆಯಲ್ಲ, ಕಂಡದ್ದನ್ನು ಅರಿತು ತೂಗಿ ನೋಡುವ ವಿದ್ಯೆ ಎಂದು ಆಗಲೇ ಹೇಳಿದ್ದರು.

ಸುದ್ದಿ, ಫೋಟೋ, ಮೆಸೇಜುಗಳನ್ನು ಹೀಗೆ ತೂಗಿ ನೋಡುವುದಕ್ಕೆ ಮಾಧ್ಯಮ ಸಾಕ್ಷರತೆ ಅನ್ನುತ್ತಾರೆ. ಬೇರೆ ದೇಶಗಳಲ್ಲಿ ಇದು ಹೊಸದೇನಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯ 1987ರಲ್ಲೇ ಮಾಧ್ಯಮ ಪಾಠವನ್ನು ಕಡ್ಡಾಯ ಮಾಡಿತು. ಫ್ರಾನ್ಸಿನಲ್ಲಿ ಇದಕ್ಕೆಂದೇ 1983ರಿಂದ ‘ಕ್ಲೆಮಿ’ ಎಂಬ ಸರ್ಕಾರಿ ಸಂಸ್ಥೆ ಇದೆ. ನನಗೆ ಹಿಡಿಸಿದ್ದು ಫಿನ್‌ಲ್ಯಾಂಡಿನವರ ಪದ. ಸಾಕ್ಷರತೆಗೆ ಅವರು ‘ಲುಕುತೈತೊ’ ಅನ್ನುತ್ತಾರೆ. ಲುಕು ಅಂದರೆ ಓದು, ತೈತೊ ಅಂದರೆ ಕೌಶಲ. ಅಕ್ಷರ ‘ಇದೆ’ ಅಂದುಕೊಂಡು ಕೂರುವ ಹಾಗಿಲ್ಲ, ಓದಲು ‘ಬರಬೇಕು’. 2016ರಿಂದ ಶಾಲೆಗಳಲ್ಲಿ ಜಾರಿಗೆ ಬಂದ ಅವರ ಪಠ್ಯಕ್ರಮದಲ್ಲಿ ‘ಮೊನಿಲುಕುತೈತೊ’ ಇದೆ, ಬಗೆಬಗೆಯದನ್ನು ಓದುವ ಕೌಶಲ. ಅದಕ್ಕೆ ಬೇರೆ ಪೀರಿಯಡ್ ಇಲ್ಲ. ಗಣಿತದವರು ಅಂಕಿಅಂಶ ಹೇಗೆ ದಾರಿ ತಪ್ಪಿಸುತ್ತವೆ ಎಂದು ತೋರಿಸಬೇಕು, ಚಿತ್ರಕಲೆಯವರು ಫೋಟೋ ಹೇಗೆ ತಿರುಚುತ್ತಾರೆ ಎಂದು. ‘ಅದು ಸಣ್ಣ ದೇಶ ರೀ, ಅಲ್ಲಿ ನಡೀತದ’ ಎಂಬ ಉತ್ತರ ನನಗೆ ಬಾಯಿಪಾಠವಾಗಿದೆ. 2011ರ ಲೆಕ್ಕದಲ್ಲಿ ಕಲಬುರಗಿ, ಬೀದರ್, ಯಾದಗಿರಿ ಮೂರೂ ಸೇರಿ 54 ಲಕ್ಷ ಜನ. ಫಿನ್‌ಲ್ಯಾಂಡ್ ಅಷ್ಟೇ ಇದೆ, ಒಂದೆರಡು ಲಕ್ಷ ಹೆಚ್ಚು.

ದೂರ ಬೇಡ ಅಂದರೆ ಕೇರಳದ ಕಣ್ಣೂರು. ಲಸಿಕೆ ಬಗ್ಗೆ ವಾಟ್ಸ್ಆ್ಯಪ್‌ನಲ್ಲಿ ಸುಳ್ಳು ಹಬ್ಬಿ ಅಪ್ಪ ಅಮ್ಮಂದಿರು ಮಕ್ಕಳಿಗೆ ಚುಚ್ಚುಮದ್ದು ಬೇಡ ಅಂದಿದ್ದರು. 2018ರಲ್ಲಿ ಅಲ್ಲಿನ ಜಿಲ್ಲಾಡಳಿತ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ಪಾಠ ಶುರು ಮಾಡಿತು.

ಅದೇ ವರ್ಷ ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ಎಂದು ಈ ಭಾಗದವರಿಗೆ ಹೇಳಬೇಕಿಲ್ಲ. ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರು ಎಂದು ಮಾಡಿದ ಮೆಸೇಜು ಅವರ ಕಾರಿಗಿಂತ ಮುಂದೆ ಓಡಿತು. ಜನ ಗುಂಪುಗೂಡಿ ಹೊಡೆದರು, ಹೈದರಾಬಾದಿನ ಒಬ್ಬ ಯುವಕ ಸತ್ತ. ಆ ಮೆಸೇಜು ಕಳಿಸಿದವರಿಗೆ ಮೊಬೈಲ್ ಚೆನ್ನಾಗಿಯೇ ಬರುತ್ತಿತ್ತು. ಫ್ಲೆಕ್ಸ್ ಲೆಕ್ಕದಲ್ಲಿ ಅವರೆಲ್ಲ ಡಿಜಿಟಲ್ ಸಾಕ್ಷರರು.

ಮಾಧ್ಯಮ ಸಾಕ್ಷರತೆ ಅಂದರೆ ಯಾವುದನ್ನೂ ನಂಬದೆ ಇರುವುದು ಎಂದು ಇನ್ನು ಕೆಲವರು ತಿಳಿದಿದ್ದಾರೆ. ಎಲ್ಲ ಸುಳ್ಳು ಅನ್ನುವವನೂ ಎಲ್ಲ ನಿಜ ಅನ್ನುವವನಷ್ಟೇ ಸೋಮಾರಿ. ಇಬ್ಬರೂ ವಿಚಾರಿಸುವುದಿಲ್ಲ.

ವಿಚಾರಿಸುವುದು ಹೇಗೆ? ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 10 ಇತಿಹಾಸಕಾರರು, 25 ವಿದ್ಯಾರ್ಥಿಗಳು, ಸುದ್ದಿ ಪರಿಶೀಲಿಸುವುದೇ ಕಸುಬಾದ 10 ಜನರ ಮುಂದೆ ಕೆಲವು ವೆಬ್‌ಸೈಟ್ ಇಟ್ಟು ನೋಡಿದರು. ಪಿಎಚ್‌ಡಿ ಪಂಡಿತರಲ್ಲೂ ಹಲವರು ಪುಟದ ಅಂದಚಂದ, ಲೋಗೊ ನೋಡಿ ಮೋಸಹೋದರು. ಕಸುಬಿನವರು ಮಾತ್ರ ಆ ಪುಟವನ್ನು ಸ್ವಲ್ಪ ನೋಡಿ ಬಿಟ್ಟು, ಇನ್ನೊಂದು ಟ್ಯಾಬಿನಲ್ಲಿ ‘ಇವರು ಯಾರು’ ಎಂದು ಹುಡುಕಿದರು. ಇದಕ್ಕೆ ಇಂಗ್ಲಿಷಿನಲ್ಲಿ ‘ಲ್ಯಾಟರಲ್ ರೀಡಿಂಗ್’ ಅನ್ನುತ್ತಾರೆ. ಇದನ್ನು ಕನ್ನಡಕ್ಕೆ ತರುವವರು ‘ಪಾರ್ಶ್ವ ವಾಚನ’ ಎಂದು ಬರೆಯದಿರಲಿ, ಕೈಮುಗಿಯುತ್ತೇನೆ. ನಮ್ಮ ಕಡೆ ‘ಬಾಜೂ’ ಎಂಬ ಪದ ಇದೆ. ಗಂಡು ನೋಡಲು ಹೋದವರು ಗಂಡಿನ ಮನೆಯಲ್ಲಿ ಚಹಾ ಕುಡಿದು ಬಾಜೂ ಮನೆಯಲ್ಲಿ ವಿಚಾರಿಸುತ್ತಾರಲ್ವಾ? ಅದೇ ಇದು. ಬಾಜೂ ಓದು.

ಯಾದಗಿರಿಯಲ್ಲಿರುವ ನನ್ನ ಅಣ್ಣನ ಮಗಳು ಎಂಟನೇ ಕ್ಲಾಸು. ಅಕ್ಷರ ಹಾರಿ ಬಂದು ಕೂರುವಂಥ ಪಿಪಿಟಿ ಮಾಡುತ್ತಾಳೆ. ಮೊನ್ನೆ ಅವ್ವನ ಆಧಾರ್ ನಂಬರ್ ಕೇಳುತ್ತಿದ್ದಳು. ಎಲ್ಲರಿಗೂ ಫ್ರೀ ಲ್ಯಾಪ್‌ಟಾಪ್ ಅಂತೆ, ಲಿಂಕ್ ಬಂದಿದೆ ಅಂತೆ.

“ಯಾರು ಕೊಡ್ತಾರವ್ವಾ?” ಅಂದೆ.

“ಸರ್ಕಾರ ಕಾಕಾ. ಮುಖ್ಯಮಂತ್ರಿ ಫೋಟೋ ಅದ ನೋಡ್ರಿ.”

ಫೋಟೋ ಇತ್ತು, ಲಾಂಛನವೂ ಇತ್ತು. ಮೇಲಿನ ವಿಳಾಸ ಮಾತ್ರ ಸರ್ಕಾರಿ ವೆಬ್‌ಸೈಟುಗಳಂತೆ ಜಿಒವಿ ಡಾಟ್ ಇನ್ ಎಂದು ಮುಗಿಯುವ ಬದಲು ಡಾಟ್ ಎಕ್ಸ್‌ವೈಝಡ್ ಎಂದು ಮುಗಿದಿತ್ತು. ಕೆಳಗೊಂದು ಹಸಿರು ಪಟ್ಟಿ. 10 ಜನರಿಗೆ ಶೇರ್ ಮಾಡಿದರೆ ಅದು ತುಂಬುತ್ತದೆ, ಆಮೇಲೆ ಲ್ಯಾಪ್‌ಟಾಪ್. ಇನ್ನೊಂದು ಟ್ಯಾಬ್ ತೆಗೆಸಿ ಶಿಕ್ಷಣ ಇಲಾಖೆಯ ವೆಬ್‌ಸೈಟ್ ನೋಡಿಸಿದೆ. ಅಂಥ ಯೋಜನೆಯ ಸುಳಿವೇ ಇಲ್ಲ. ಅವಳು ಹಿಂದಿನ ಪುಟಕ್ಕೆ ಬಂದು ಪಟ್ಟಿಯನ್ನೇ ನೋಡುತ್ತ ಕೂತಳು. ಮುಕ್ಕಾಲು ತುಂಬಿತ್ತು. ಏಳು ಗೆಳತಿಯರಿಗೆ ಆಗಲೇ ಹೋಗಿತ್ತು.

ಏಳೂ ಮಂದಿಗೆ ‘ಅದು ಸುಳ್ಳು, ಒತ್ತಬ್ಯಾಡ್ರಿ’ ಎಂದು ಕಳಿಸಿದಳು. ಐದು ನಿಮಿಷಕ್ಕೆ ಒಬ್ಬಳ ಉತ್ತರ ಬಂತು: ‘ನಿಂಗ್ ಬಂತೇನ್ ಲ್ಯಾಪ್‌ಟಾಪ್?’