ಯಾವುದೋ ಕಾಟಕ್ಕೆಂದು ಬೆಳೆಸಿದ ಚೆಸ್ಟ್‌ನಟ್, ಇನ್ಯಾವುದಕ್ಕೋ ಒದಗಿತು

2002ರಲ್ಲಿ ಇಟಲಿಯ ಕೂನಿಯೊ ಸುತ್ತಮುತ್ತ ಚೆಸ್ಟ್‌ನಟ್ (ಸುಟ್ಟು ತಿನ್ನುವ ಕಾಯಿ ಬಿಡುವ ಮರ) ಬೆಳೆಗಾರರಿಗೆ ಹೊಸ ಪೀಡೆಯೊಂದು ಗಂಟುಬಿತ್ತು. ಚೀನಾ ಮೂಲದ ಒಂದು ಪುಟ್ಟ ಕಣಜ. ಬೇಸಿಗೆಯಲ್ಲಿ ಅದು ಮೊಗ್ಗಿನೊಳಗೆ ಮೊಟ್ಟೆ ಇಡುತ್ತದೆ. ಮರಿಹುಳ ಚಳಿಗಾಲವೆಲ್ಲ ಅಲ್ಲೇ ಸುಮ್ನೆ ಕೂತಿರುತ್ತದೆ. ವಸಂತದಲ್ಲಿ ಚಿಗುರು ಬರಬೇಕಾದ ಜಾಗದಲ್ಲಿ ಕೆಂಪು ಬೆರೆತ ಹಸಿರು ಗಂಟು ಏಳುತ್ತದೆ. ಆ ರೆಂಬೆ ಮುಂದೆ ಬೆಳೆಯುವುದಿಲ್ಲ, ಕಾಯಿಯ ಮಾತಂತೂ ದೂರ. ಹುಳ ಒಳಗೇ ಇರುವುದರಿಂದ ಔಷಧಿ ಹೊಡೆದೂ ಪ್ರಯೋಜನವಿಲ್ಲ.

ತೋಟಗಳೆಲ್ಲ ಗಂಟುಮಯವಾಗುತ್ತಿದ್ದರೆ, ಬೂಶ್ ದ ಬೆಟಿಜಾಕ್ ಎಂಬ ಫ್ರೆಂಚ್ ತಳಿಯ ಮರಗಳು ಮಾತ್ರ ಸ್ವಚ್ಛವಾಗಿದ್ದವು. ಕಣಜ ಅದರ ಮೇಲೂ ಮೊಟ್ಟೆ ಇಡುತ್ತದೆ. ಆದರೆ ಮೊಗ್ಗು ಒಡೆಯುವ ಹೊತ್ತಿಗೆ ಹುಳದ ಸುತ್ತಲಿನ ಜೀವಕೋಶಗಳು ತಾವಾಗಿ ಸಾಯುತ್ತವೆ, ಜೊತೆಗೆ ಹುಳವೂ.

ತಮಾಷೆಯೆಂದರೆ, ಈ ತಳಿ ಹುಟ್ಟಿದ್ದು 1962ರಲ್ಲಿ. ಆಗ ಯುರೋಪಿನಲ್ಲಿ ಈ ಕಣಜವೇ ಇರಲಿಲ್ಲ! ಅಲ್ಲಿನವರ ತಲೆನೋವೇ ಬೇರೆ. 19ನೇ ಶತಮಾನದಿಂದ ಶಾಯಿ ರೋಗ ಬೇರನ್ನು ಕೊಳೆಸುತ್ತಿತ್ತು. ಅಮೆರಿಕದಲ್ಲಿ 1904ರಲ್ಲಿ ನ್ಯೂಯಾರ್ಕಿನ ಮೃಗಾಲಯದಲ್ಲಿ ಕಣ್ಣಿಗೆ ಬಿದ್ದು, ಕೋಟ್ಯಂತರ ಮರಗಳನ್ನು ನೆಲಕ್ಕುರುಳಿಸಿದ ತೊಗಟೆ ರೋಗ 1938ರಲ್ಲಿ ಇಟಲಿಯ ಜಿನೋವಾ ಬಳಿ ಕಾಣಿಸಿತು. ಯುರೋಪಿನ ಮರಕ್ಕೆ ರುಚಿ ಇತ್ತು, ತಡೆಯುವ ಶಕ್ತಿ ಇರಲಿಲ್ಲ. ಆ ಶಕ್ತಿ ಜಪಾನಿನ ಮರಕ್ಕಿತ್ತು. ಫ್ರಾನ್ಸಿನ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಎರಡನ್ನೂ ಕೂಡಿಸತೊಡಗಿತು. ಬೂಶ್ ರೂಜ್ ಎಂಬ ಸ್ಥಳೀಯ ತಳಿಗೆ ಜಪಾನಿನ ಪರಾಗ ಸೇರಿಸಿದಾಗ ಬಂದದ್ದೇ ಬೆಟಿಜಾಕ್.

ಕಾಯಿ ದಪ್ಪ, ಕೊಯ್ಲು ಬೇಗ, ಸಿಪ್ಪೆ ಸಲೀಸು. ಚೆಸ್ಟ್‌ನಟ್ ತಿಂದಿಲ್ಲದವರು ಸುಟ್ಟ ಹಲಸಿನ ಬೀಜವನ್ನು ನೆನೆಸಿಕೊಳ್ಳಿ, ಸ್ವಲ್ಪ ಸಿಹಿ ಜಾಸ್ತಿ ಅಷ್ಟೆ.

ಹಾಗಂತ ಇದು ನೆಟ್ಟು ಮರೆಯುವ ಮರವಲ್ಲ. ಇದರ ಗಂಡು ಹೂವಿನಲ್ಲಿ ಪರಾಗವೇ ಇಲ್ಲ. ಬರೀ ಬೆಟಿಜಾಕ್ ತುಂಬಿದ ತೋಟದಲ್ಲಿ ಮುಳ್ಳಿನ ಸಿಪ್ಪೆ ಬಿಡಿಸಿದರೆ ಒಳಗೆ ಜೊಳ್ಳು ಸಿಕ್ಕೀತು. ಅದಕ್ಕೇ ನಡುನಡುವೆ ಮಾರಿಗೂಲ್‌ನಂಥ, ಪರಾಗ ಧಾರಾಳವಾಗಿರುವ ತಳಿ ಬೇಕು. ಬೇರಿಗೂ ಬೇರೆಯವರ ಆಸರೆ ಬೇಕು. ಸಾಮಾನ್ಯವಾಗಿ ಮಾರ್ಸೋಲ್ ಎಂಬ ಇನ್ನೊಂದು ಹೈಬ್ರಿಡ್ ಮೇಲೆ ಕಸಿ ಕಟ್ಟುತ್ತಾರೆ. ಚಿಗುರು ಬೇಗ ಬರುವುದರಿಂದ ವಸಂತದ ತಡವಾದ ಹಿಮಕ್ಕೆ ಸುಟ್ಟುಹೋಗುವ ಭಯ ಬೇರೆ. ತೊಗಟೆ ರೋಗವೂ ಇದನ್ನು ಬಿಟ್ಟಿಲ್ಲ. ಎಲ್ಲ ರೋಗಕ್ಕೂ ಒಂದೇ ಮದ್ದು ಎಂದು ಇದನ್ನು ಮಾರುವವರ ಮಾತು ನನಗಂತೂ ಹಿಡಿಸುವುದಿಲ್ಲ.

ಇಟಲಿಯವರೂ ತಮ್ಮ ಮರೋನೆ ತಳಿಗಳನ್ನು ಕಿತ್ತೆಸೆಯಲಿಲ್ಲ. ಸಕ್ಕರೆ ಪಾಕದ ತಿನಿಸಿಗೆ ಅವೇ ಆಗಬೇಕು, ಅದಕ್ಕೆ ಬೆಲೆಯೂ ಹೆಚ್ಚು. 2005ರಿಂದ ಅವರು ಜಪಾನಿನಿಂದ ತಂದ ಟೋರಿಮಸ್ ಎಂಬ ಪರೋಪಜೀವಿ ಕಣಜವನ್ನು ತೋಟಗಳಿಗೆ ಬಿಟ್ಟರು. ಅದರ ಮರಿ ಗಂಟಿನೊಳಗಿನ ಹುಳವನ್ನೇ ತಿಂದು ಬೆಳೆಯುತ್ತದೆ. ಕೆಲವೇ ವರ್ಷಗಳಲ್ಲಿ ಗಂಟುಗಳು ಕಡಿಮೆಯಾದವು. ಈಗ ಬೆಟಿಜಾಕ್ ನೆಡಬೇಕೋ ಬೇಡವೋ ಎಂಬ ಲೆಕ್ಕಾಚಾರದಲ್ಲಿ ಕಣಜದ ಭಯಕ್ಕಿಂತ ಕಾಯಿಯ ಗಾತ್ರ, ಹಿಮದ ಕಾಟ, ಮಾರುಕಟ್ಟೆಗೆ ಮೊದಲು ತಲುಪುವ ಲಾಭ ಇವೇ ಮುಖ್ಯ.