ಹರಿದ ಎಳೆಗೆ ಪಕ್ಕದ ಎಳೆಯೇ ಸಾಕ್ಷಿ

ಮಾರ್ಚ್ ತಿಂಗಳಲ್ಲಿ ನಮ್ಮ ಮನೆ ತಾರಸಿ ಮೇಲೆ ಸಂಡಿಗೆ ಇಟ್ಟರೆ ಕಾಗೆ ಓಡಿಸುವ ಕೆಲಸ ನನ್ನದು. ಅಮ್ಮ ಹಳೇ ಪಂಚೆ ಹಾಸಿ ಸಾಲಾಗಿ ಸಂಡಿಗೆ ಇಡುತ್ತಾ ಹೋಗುತ್ತಾರೆ. ನಾನು ಕೋಲು ಹಿಡಿದು ಕೂರುತ್ತೇನೆ. ಈ ಸಲ ಟೊಪ್ಪಿ ಇಲ್ಲದೆ ಎರಡು ಗಂಟೆ ಸುಮ್ನೆ ಕೂತಿದ್ದೆ. ಸಂಜೆ ಹೊತ್ತಿಗೆ ಕತ್ತಿನ ಹಿಂದೆ ಉರಿ ಹತ್ತಿತು. ನಾಲ್ಕು ದಿನ ಬಿಟ್ಟು ಕೆರೆದಾಗ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗಿನ ಚರ್ಮ ಉಗುರಿಗೆ ಬಂತು.

ಅದು ಸತ್ತ ಜೀವಕೋಶಗಳ ಪದರ. ಅವನ್ನು ಬಿಸಿಲು ಬೇಯಿಸಿ ಕೊಂದಿತು ಅಂತ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಹಾಗಲ್ಲ. ಬಿಸಿಲಿಗೆ ಸುಟ್ಟ ಚರ್ಮದಲ್ಲಿ ಎಷ್ಟೋ ಜೀವಕೋಶಗಳು ತಾವಾಗಿಯೇ ಸಾಯುತ್ತವೆ. ಜೀವಕೋಶ ಹೇಗೆ ನಡೆಯಬೇಕು ಅಂತ ಬರೆದಿಟ್ಟ ಒಳಗಿನ ಡಿಎನ್‌ಎ ಸರಿಪಡಿಸಲಾಗದಷ್ಟು ಕೆಟ್ಟಾಗ ಅವು ಹಿಡಿಯುವ ದಾರಿ ಅದು. ಉಳಿದವು ರಿಪೇರಿ ಮಾಡಿಕೊಂಡು ಬದುಕುತ್ತವೆ. ನನಗೆ ಬೆರಗು ಹುಟ್ಟಿಸುವುದು ಈ ರಿಪೇರಿ.

ಮೊದಲು ಕೆಡುವುದು ಹೇಗೆ ನೋಡೋಣ. ಡಿಎನ್‌ಎ ಅಂದರೆ ಒಂದಕ್ಕೊಂದು ಸುತ್ತಿಕೊಂಡ ಎರಡು ಎಳೆ. ಎಳೆಯುದ್ದಕ್ಕೂ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಒಂದು ಎಳೆಯಲ್ಲಿ ಎ ಇದ್ದರೆ ಎದುರಿನ ಎಳೆಯಲ್ಲಿ ಟಿ. ಜಿ ಇದ್ದರೆ ಎದುರಿಗೆ ಸಿ. ಹಾಗಾಗಿ ಒಂದು ಎಳೆ ಕೈಯಲ್ಲಿದ್ದರೆ ಸಾಕು, ಇನ್ನೊಂದನ್ನು ಅಕ್ಷರ ತಪ್ಪದೆ ಬರೆಯಬಹುದು. ಇದೊಂದು ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಚರ್ಮದ ಜೀವಕೋಶಕ್ಕೆ ಬಡಿದಾಗ, ಒಂದೇ ಎಳೆಯಲ್ಲಿ ಅಕ್ಕಪಕ್ಕ ಇರುವ ಎರಡು ಟಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆ ಜಾಗದಲ್ಲಿ ಎಳೆ ಸೊಟ್ಟಗಾಗುತ್ತದೆ. ಜೀವಕೋಶ ಒಡೆದು ಎರಡಾಗುವ ಮುಂಚೆ ಡಿಎನ್‌ಎ ನಕಲಾಗಬೇಕು. ನಕಲು ಮಾಡುವ ಕಿಣ್ವ, ಅಂದರೆ ಆ ಕೆಲಸಕ್ಕಿರುವ ಪ್ರೋಟೀನು, ಈ ಗಂಟಿನ ಹತ್ತಿರ ಬಂದು ನಿಂತುಬಿಡುತ್ತದೆ. ಅದನ್ನು ದಾಟಿಸಲು ಬೇರೆ ಕಿಣ್ವಗಳಿವೆ, ಆದರೆ ಅವು ತಪ್ಪು ಅಕ್ಷರ ಬರೆಯುವುದು ಜಾಸ್ತಿ. ಒಂದು ತಾಸಿನ ಬಿಸಿಲಿಗೆ ಒಂದೊಂದು ಜೀವಕೋಶದಲ್ಲೂ ಇಂಥ ಗಂಟು ಸಾವಿರಗಟ್ಟಲೆ ಬೀಳಬಹುದು.

ಈ ಗಂಟನ್ನು ಬಿಚ್ಚುವ ವ್ಯವಸ್ಥೆಯ ಮೊದಲ ಸುಳಿವು ಸಿಕ್ಕಿದ್ದು ಒಂದು ತಲೆನೋವಿನ ಪ್ರಯೋಗದಲ್ಲಿ. ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ಆಲ್ಬರ್ಟ್ ಕೆಲ್ನರ್ ಎಂಬಾತ ಸೂಕ್ಷ್ಮಜೀವಿಗಳಿಗೆ ಅತಿನೇರಳೆ ಕಿರಣ ಹಾಯಿಸಿ ಎಷ್ಟು ಬದುಕುತ್ತವೆ ಅಂತ ಎಣಿಸುತ್ತಿದ್ದ. ಲೆಕ್ಕ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ. ಉಷ್ಣಾಂಶದ ವ್ಯತ್ಯಾಸ ಇರಬೇಕು ಅಂತ ಅದರ ಬೆನ್ನು ಹತ್ತಿದ. ಕೊನೆಗೆ ನೋಡಿದರೆ ಕಾರಣ ಬೆಳಕು! ಬೆಳಕು ಬಿದ್ದ ಜೀವಿಗಳು ಕತ್ತಲಲ್ಲಿದ್ದವಕ್ಕಿಂತ ಎಷ್ಟೋ ಸಾವಿರ ಪಟ್ಟು ಹೆಚ್ಚು ಉಳಿಯುತ್ತಿದ್ದವು. 1949ರಲ್ಲಿ ಅವನು ಇದನ್ನು ಪ್ರಕಟಿಸಿದ. ಡಿಎನ್‌ಎಯ ಜೋಡಿ ಎಳೆಯ ರಚನೆ ಜಗತ್ತಿಗೆ ಗೊತ್ತಾಗಿದ್ದು ಅದಾದ ನಾಲ್ಕು ವರ್ಷಕ್ಕೆ. ಅಂದರೆ ವಸ್ತು ಹೇಗಿದೆ ಅಂತ ತಿಳಿಯುವ ಮೊದಲೇ ಅದು ರಿಪೇರಿಯಾಗುತ್ತದೆ ಅಂತ ತಿಳಿದಿತ್ತು.

ಬೆಳಕನ್ನೇ ಬಳಸಿ ಗಂಟು ಬಿಚ್ಚುವ ಆ ಕಿಣ್ವದ ಹೆಸರು ಫೋಟೋಲಯೇಸ್. ಅದರ ಹಿಂದೆ ಬಿದ್ದವರು ಅಜೀಜ್ ಸಂಜಾರ್. ಟರ್ಕಿಯ ಸವುರ್ ಎಂಬ ಸಣ್ಣ ಊರಿನವರು. ಅಪ್ಪ ಅಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಇವರು ಡಾಕ್ಟರಾಗಿ ತಮ್ಮ ಊರ ಕಡೆಯೇ ಸ್ವಲ್ಪ ಕಾಲ ರೋಗಿಗಳನ್ನು ನೋಡಿ, ಆಮೇಲೆ ಅಮೆರಿಕದ ಡಲ್ಲಾಸಿಗೆ ಹೋದರು. 1976ರಲ್ಲಿ ಈ ಕಿಣ್ವದ ಜೀನನ್ನು, ಅಂದರೆ ಅದನ್ನು ತಯಾರಿಸುವ ಬಗೆ ಬರೆದಿರುವ ಡಿಎನ್‌ಎ ತುಣುಕನ್ನು, ಬೇರ್ಪಡಿಸಿದರು. ಅಷ್ಟು ದೊಡ್ಡ ಕೆಲಸ ಮಾಡಿದ ಮೇಲೂ ಮುಂದಿನ ಸಂಶೋಧನೆಗೆ ಜಾಗ ಸಿಗಲಿಲ್ಲ. ಯೇಲ್ ವಿಶ್ವವಿದ್ಯಾಲಯದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿಕೊಂಡರು. ಕತ್ತಲಲ್ಲೂ ನಡೆಯುವ ಇನ್ನೊಂದು ರಿಪೇರಿಯ ಗುಟ್ಟನ್ನು ಅವರು ಬಿಡಿಸತೊಡಗಿದ್ದು ಅಲ್ಲಿಯೇ.

ನಮಗೆ ಬೇಕಾದದ್ದು ಈ ಎರಡನೆಯದೇ. ಏಕೆಂದರೆ ಮನುಷ್ಯನಲ್ಲಿ ಫೋಟೋಲಯೇಸ್ ಇಲ್ಲ. ಕಾಂಗರೂಗಳ ಕುಲದಲ್ಲಿ ಇದೆ, ನಮ್ಮ ಕುಲ ಅದನ್ನು ಎಲ್ಲೋ ಕಳೆದುಕೊಂಡಿತು. ನಮ್ಮ ಜೀವಕೋಶ ಗಂಟು ಬಿಚ್ಚುವುದಿಲ್ಲ, ಕತ್ತರಿಸಿ ತೆಗೆಯುತ್ತದೆ. ಕೆಲವು ಪ್ರೋಟೀನುಗಳು ಎಳೆಯ ಮೇಲೆ ಹರಿದಾಡುತ್ತಾ ಸೊಟ್ಟಗಾದ ಜಾಗ ಹುಡುಕುತ್ತವೆ. ಸಿಕ್ಕಿದ ಕೂಡಲೇ ಬೇರೆ ಪ್ರೋಟೀನುಗಳು ಬಂದು ಅಲ್ಲಿ ಎರಡು ಎಳೆಗಳನ್ನೂ ಸ್ವಲ್ಪ ಬಿಡಿಸುತ್ತವೆ. ಗಂಟಿನ ಆಚೆಗೊಂದು ಕತ್ತರಿ, ಈಚೆಗೊಂದು ಕತ್ತರಿ. ಬ್ಯಾಕ್ಟೀರಿಯಾದಲ್ಲಿ 12-13 ಅಕ್ಷರಗಳ ತುಂಡು ಆಚೆ ಬರುತ್ತದೆ, ಮನುಷ್ಯನಲ್ಲಿ ಸುಮಾರು 30. ಕೆಟ್ಟದ್ದು ಎರಡೇ ಅಕ್ಷರ, ತೆಗೆದದ್ದು ಮೂವತ್ತು! ತೇಪೆ ಹಾಕುವ ದರ್ಜಿ ಹರಿದ ಜಾಗದ ಸುತ್ತ ಗಟ್ಟಿ ಬಟ್ಟೆ ಸಿಗುವವರೆಗೂ ಕತ್ತರಿಸುತ್ತಾನಲ್ಲ, ಹಾಗೆ. ಆಮೇಲೆ ಎದುರಿನ ಎಳೆಯನ್ನು ನೋಡಿಕೊಂಡು ಖಾಲಿ ಜಾಗದಲ್ಲಿ ಒಂದೊಂದೇ ಅಕ್ಷರ ತುಂಬಿ, ತುದಿ ಬೆಸೆದರೆ ಮುಗಿಯಿತು. ಎಳೆ ಮೊದಲಿದ್ದ ಹಾಗೇ ಆಯಿತು.

ಈ ಕತ್ತರಿ ಹುಟ್ಟಿನಿಂದಲೇ ಇಲ್ಲದ ಮಕ್ಕಳಿದ್ದಾರೆ. ಅವರ ಕಾಯಿಲೆಯ ಹೆಸರು ಕ್ಸೀರೋಡರ್ಮಾ ಪಿಗ್ಮೆಂಟೋಸಮ್. ಎರಡು ವರ್ಷ ತುಂಬುವ ಮೊದಲೇ ಮುಖ, ಕೈಗಳ ತುಂಬ ಕಂದು ಚುಕ್ಕೆ ಏಳುತ್ತವೆ. ಚರ್ಮದ ಕ್ಯಾನ್ಸರ್ ಬರುವ ಅಪಾಯ ಬೇರೆ ಮಕ್ಕಳಿಗಿಂತ ಸಾವಿರ ಪಟ್ಟಿಗೂ ಜಾಸ್ತಿ. ನಾನು ತಾರಸಿಯಲ್ಲಿ ಕೂತ ಆ ಎರಡು ಗಂಟೆ ಅವರ ಪಾಲಿಗೆ ಎಂಥದ್ದು ಅಂತ ಯೋಚಿಸಿದರೆ ಸಂಕಟವಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ಜೇಮ್ಸ್ ಕ್ಲೀವರ್ ಈ ರೋಗಿಗಳ ಚರ್ಮದ ಜೀವಕೋಶಗಳಲ್ಲಿ ರಿಪೇರಿ ನಡೆಯುತ್ತಿಲ್ಲ ಎಂದು 1968ರಲ್ಲಿ ತೋರಿಸಿದರು. ಡಿಎನ್‌ಎ ರಿಪೇರಿಗೂ ಕ್ಯಾನ್ಸರಿಗೂ ಇರುವ ನೇರ ನಂಟು ಕಣ್ಣಿಗೆ ಬಿದ್ದಿದ್ದು ಆಗ. ಕಾಯಿಲೆ ಬರಬೇಕಾದರೆ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನೇ ಬರಬೇಕು. ಹಾಗಾಗಿ ಇದು ಅಪರೂಪ. ಆದರೆ ನಮ್ಮ ಕಡೆ ಇರುವಂತೆ ಸೋದರಮಾವನಿಗೋ ಅತ್ತೆ ಮಗನಿಗೋ ಕೊಟ್ಟು ಮದುವೆ ಮಾಡುವಲ್ಲಿ, ಒಂದೇ ಅಜ್ಜ ಅಜ್ಜಿಯ ಕೆಟ್ಟ ಜೀನು ಎರಡೂ ಕಡೆಯಿಂದ ಮಗುವಿಗೆ ಸೇರುವ ಸಾಧ್ಯತೆ ಹೆಚ್ಚುತ್ತದೆ. ಸಂಬಂಧದಲ್ಲಿ ಮದುವೆ ನಿಶ್ಚಯ ಮಾಡುವವರು ಜಾತಕದ ಜೊತೆ ಈ ವಿಷಯವನ್ನೂ ಒಬ್ಬ ಡಾಕ್ಟರ ಹತ್ತಿರ ಕೇಳಬೇಕು ಅನ್ನುವುದು ನನ್ನ ಕಳಕಳಿ.

ಬಿಸಿಲಿಗೆ ಹೋಗದೆ ಮನೆಯೊಳಗೇ ಇದ್ದರೆ? ಆಗಲೂ ತಪ್ಪಿದ್ದಲ್ಲ. ಜೀವಕೋಶದ ತುಂಬ ನೀರು, ಮೈ ಬಿಸಿ 37 ಡಿಗ್ರಿ. ಆ ನೀರೇ ಡಿಎನ್‌ಎಯನ್ನು ಕಡಿಯುತ್ತದೆ. ಸ್ವೀಡನ್ನಿನ ಟೊಮಾಸ್ ಲಿಂಡಾಲ್ ಈ ಮಾತು ಹೇಳುವವರೆಗೆ ಡಿಎನ್‌ಎ ಬಹಳ ಗಟ್ಟಿ ಅಂತಲೇ ಎಲ್ಲರೂ ನಂಬಿದ್ದರು. ಅವರು ಅಳೆದು ನೋಡಿದರು. ಒಂದೊಂದು ಜೀವಕೋಶದಲ್ಲಿ ದಿನಕ್ಕೆ ಸುಮಾರು 10,000 ಅಕ್ಷರಗಳು ಎಳೆಯಿಂದ ಕಳಚಿ ಬೀಳುತ್ತವೆ. ಇನ್ನು ನೂರಾರು ಸಿಗಳು ರೂಪ ಬದಲಿಸಿ ಯುರಾಸಿಲ್ ಅಂದರೆ ಯು ಆಗುತ್ತವೆ. ಇಷ್ಟು ಬೇಗ ಕೆಡುವ ವಸ್ತು ಇಷ್ಟು ಕಾಲ ಉಳಿದಿದ್ದರೆ ಯಾರೋ ಸರಿಮಾಡುತ್ತಲೇ ಇರಬೇಕು ಅಲ್ವಾ? ಅವರ ತರ್ಕ ಅದು. 1974ರಲ್ಲಿ, ದಾರಿ ತಪ್ಪಿ ಬಂದ ಯು ಅನ್ನು ಕಿತ್ತುಹಾಕುವ ಕಿಣ್ವವನ್ನು ಅವರು ಬ್ಯಾಕ್ಟೀರಿಯಾದಲ್ಲಿ ಕಂಡರು.

ಹೈಸ್ಕೂಲಿನಲ್ಲಿ ನಾವು ಬಾಯಿಪಾಠ ಮಾಡಿದ್ದು ನೆನಪಿದೆ: ಆರ್‌ಎನ್‌ಎಯಲ್ಲಿ (ಡಿಎನ್‌ಎಯನ್ನು ನೋಡಿ ಬರೆದುಕೊಳ್ಳುವ ಪ್ರತಿ) ಯು, ಡಿಎನ್‌ಎಯಲ್ಲಿ ಟಿ. ಯಾಕೆ ಬೇರೆ ಬೇರೆ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಟಿ ಅಂದರೆ ಯುಗೆ ಒಂದು ಪುಟ್ಟ ಮೀಥೈಲ್ ಗುಂಪು (ಒಂದು ಇಂಗಾಲ, ಮೂರು ಜಲಜನಕ) ಸೇರಿಸಿದ್ದು, ಅಷ್ಟೇ. ಎರಡೂ ಜೋಡಿಯಾಗುವುದು ಎ ಜೊತೆಗೇ. ಹಾಗಿದ್ದರೆ ಖರ್ಚು ಮಾಡಿ ಆ ಗುಂಪನ್ನು ಅಂಟಿಸುವುದೇಕೆ? ಈಗ ಯೋಚಿಸಿ. ಡಿಎನ್‌ಎಯಲ್ಲೂ ಯುವೇ ಸಹಜ ಅಕ್ಷರವಾಗಿದ್ದರೆ, ಒಂದು ಯು ಕಂಡಾಗ ಅದು ಮೊದಲಿಂದಲೂ ಅಲ್ಲಿದ್ದದ್ದೋ, ನಿನ್ನೆ ಸಿ ಕೆಟ್ಟು ಆದದ್ದೋ ತಿಳಿಯುತ್ತಿರಲಿಲ್ಲ. ಟಿಗೆ ಆ ಗುರುತು ಇರುವುದರಿಂದ ಲೆಕ್ಕ ಸಲೀಸು. ಡಿಎನ್‌ಎಯಲ್ಲಿ ಗುರುತಿಲ್ಲದ ಯು ಕಂಡರೆ ಅದು ಅಲ್ಲಿಯದಲ್ಲ, ಕಿತ್ತುಹಾಕು. ಎದುರಿಗೆ ಜಿ ಇದೆಯಾ? ಹಾಗಾದರೆ ಇಲ್ಲಿ ಸಿ ಬರೆ. ನನಗೆ ಇದು ಅರ್ಥವಾದ ದಿನ ಓದುತ್ತಿದ್ದ ಪುಸ್ತಕ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಅಂಗಳದಲ್ಲಿ ಓಡಾಡಿದೆ.

ಕೆಡುವುದು, ಸರಿಹೋಗುವುದು ಹೀಗೆ ಒಟ್ಟೊಟ್ಟಿಗೆ ನಡೆಯುವುದು ಡಿಎನ್‌ಎಯಲ್ಲಿ ಮಾತ್ರ ಅಲ್ಲ. ಜೀವಕೋಶದ ಪೊರೆಯಲ್ಲಿ ಸೋಡಿಯಂ ಸದಾ ಒಳಗೆ ಸೋರುತ್ತದೆ, ಪೊಟ್ಯಾಶಿಯಂ ಹೊರಗೆ. ಅಲ್ಲಿರುವ ಪಂಪು ಪ್ರತಿ ಸುತ್ತಿಗೆ 3 ಸೋಡಿಯಂ ಆಚೆ ಎಸೆದು 2 ಪೊಟ್ಯಾಶಿಯಂ ಒಳಗೆ ಎಳೆಯುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೋ 1957ರಲ್ಲಿ ಏಡಿಯ ನರಗಳಲ್ಲಿ ಇದನ್ನು ಪತ್ತೆ ಮಾಡಿದರು. ಪಂಪು ನಿಂತರೆ ನೀರು ನುಗ್ಗಿ ಜೀವಕೋಶ ಊದಿಕೊಳ್ಳುತ್ತದೆ. ತೂತಿನ ದೋಣಿಯಲ್ಲಿ ಕೂತವರು ನೀರು ಮೊಗೆಯುತ್ತಲೇ ಇರಬೇಕಾದ ಹಾಗೆ.

ಮತ್ತೆ ಎಳೆಗೆ ಬರೋಣ. ನಕಲು ಮಾಡುವಾಗಲೇ ತಪ್ಪಾದರೆ ಒಂದು ಪೇಚು. ಎದುರುಬದುರು ಎ ಮತ್ತು ಸಿ ಕೂತಿವೆ ಅನ್ನಿ. ಎರಡೂ ಚೆನ್ನಾಗಿರುವ ಅಕ್ಷರಗಳೇ. ಯಾವುದನ್ನು ನಂಬುವುದು? ಅಮೆರಿಕದ ಪಾಲ್ ಮಾಡ್ರಿಚ್ ಬ್ಯಾಕ್ಟೀರಿಯಾದಲ್ಲಿ ಇದಕ್ಕೆ ಉತ್ತರ ಬಿಡಿಸಿಟ್ಟರು. ನಕಲಾಗುವಾಗ ಒಂದೊಂದು ಹಳೇ ಎಳೆಯ ಎದುರಿಗೂ ಹೊಸ ಎಳೆ ಹುಟ್ಟುತ್ತದೆ. ಹಳೇ ಎಳೆಯ ಮೇಲೆ ಮೀಥೈಲ್ ಗುರುತುಗಳಿರುತ್ತವೆ, ಹೊಸ ಎಳೆಗೆ ಅವು ಬೀಳಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತಿನೊಳಗೆ ಗುರುತಿಲ್ಲದ ಎಳೆಯನ್ನು ತಿದ್ದಬೇಕು. ಅಕ್ಷರ ಜೋಡಿಸುವಾಗಲೇ ಆಗುವ ತಿದ್ದುಪಡಿಯೂ ಇದೂ ಸೇರಿ ತಪ್ಪು ನೂರು ಕೋಟಿ ಅಕ್ಷರಕ್ಕೆ ಒಂದರ ಆಸುಪಾಸಿಗೆ ಇಳಿಯುತ್ತದೆ. ಲಿಂಡಾಲ್, ಮಾಡ್ರಿಚ್, ಸಂಜಾರ್ ಮೂವರಿಗೂ 2015ರ ರಸಾಯನ ವಿಜ್ಞಾನದ ನೊಬೆಲ್ ಬಂತು.

ಇಲ್ಲಿಯವರೆಗೆ ಹೇಳಿದ್ದರಲ್ಲೆಲ್ಲ ಒಂದು ಎಳೆ ಕೆಟ್ಟಿತ್ತು, ಇನ್ನೊಂದು ಸಾಕ್ಷಿ ಹೇಳುತ್ತಿತ್ತು. ಎರಡೂ ಎಳೆ ಒಂದೇ ಜಾಗದಲ್ಲಿ ತುಂಡಾದರೆ? ಎಕ್ಸ್‌ರೇಯಂಥ ಕಿರಣ ಹಾಗೆ ಮಾಡಬಲ್ಲದು. ಜೀವಕೋಶಕ್ಕೆ ಇದಕ್ಕಿಂತ ದೊಡ್ಡ ಆಪತ್ತು ಇಲ್ಲ. ಆಗ ಪಿ53 ಎಂಬ ಪ್ರೋಟೀನು ಎಚ್ಚರಗೊಂಡು ಜೀವಕೋಶ ಒಡೆದು ಎರಡಾಗುವುದನ್ನು ತಡೆಹಿಡಿಯುತ್ತದೆ, ರಿಪೇರಿಗೆ ಸಮಯ ಕೊಡುತ್ತದೆ. ಆಗದ ಮಾತು ಅಂತಾದರೆ ಸಾಯಿಸುತ್ತದೆ. ನನ್ನ ಕತ್ತಿನ ಸಿಪ್ಪೆ ಎದ್ದದ್ದರಲ್ಲಿ ಇದರ ಕೈವಾಡವೂ ಇತ್ತು. ತುಂಡಾದ ತುದಿಗಳನ್ನು ಹಾಗೇ ಕಚ್ಚಿಸಿ ಬೆಸೆಯುವ ಅವಸರದ ದಾರಿಯೊಂದಿದೆ, ಅದರಲ್ಲಿ ಕೆಲವು ಅಕ್ಷರ ಹೋಗಬಹುದು. ಅಚ್ಚುಕಟ್ಟಾದ ದಾರಿ ಇನ್ನೊಂದು. ಡಿಎನ್‌ಎ ಆಗಲೇ ನಕಲಾಗಿದ್ದರೆ ಪಕ್ಕದಲ್ಲಿ ಅದರ ಪೂರ್ತಿ ಪ್ರತಿ ಇರುತ್ತದೆ. ತುಂಡಾದ ತುದಿ ಅದರೊಳಗೆ ಹೊಕ್ಕು, ಅಲ್ಲಿ ನೋಡಿಕೊಂಡು ತನ್ನನ್ನು ಬರೆದುಕೊಳ್ಳುತ್ತದೆ. ಈ ಕೆಲಸಕ್ಕೆ ಬಿಆರ್‌ಸಿಎ1, ಬಿಆರ್‌ಸಿಎ2 ಜೀನುಗಳ ಪ್ರೋಟೀನುಗಳು ಬೇಕೇ ಬೇಕು.

ಈ ಎರಡರಲ್ಲಿ ಒಂದು ಕೆಟ್ಟು ಹುಟ್ಟಿದ ಹೆಂಗಸರಿಗೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯ ಜಾಸ್ತಿ. ಅಪ್ಪ ಅಮ್ಮನಲ್ಲಿ ಒಬ್ಬರಿಂದ ಕೆಟ್ಟ ಪ್ರತಿ, ಇನ್ನೊಬ್ಬರಿಂದ ಒಳ್ಳೆಯದು ಬಂದಿರುತ್ತದೆ. ಯಾವುದೋ ಜೀವಕೋಶದಲ್ಲಿ ಆ ಒಳ್ಳೆಯದೂ ಹೋದಾಗ ಗೆಡ್ಡೆಗೆ ದಾರಿಯಾಗುತ್ತದೆ. ಆದರೆ ಆ ಗೆಡ್ಡೆಯನ್ನು ಹೊಡೆಯಲೂ ಅದೇ ದಾರಿ. ಒಂಟಿ ಎಳೆಯ ಸಣ್ಣ ಸೀಳುಗಳನ್ನು ಸರಿಮಾಡಲು ಪಾರ್ಪ್ ಎಂಬ ಕಿಣ್ವ ಬೇಕು. ಅದನ್ನು ಮದ್ದು ಕೊಟ್ಟು ಕಟ್ಟಿಹಾಕಿದರೆ ಸೀಳುಗಳು ಹಾಗೇ ಉಳಿದು, ನಕಲಾಗುವಾಗ ಎರಡೂ ಎಳೆ ತುಂಡಾಗುತ್ತವೆ. ಗೆಡ್ಡೆಯ ಜೀವಕೋಶಕ್ಕೆ ಅದನ್ನು ಸರಿಯಾಗಿ ಜೋಡಿಸುವ ದಾರಿ ಇಲ್ಲ, ಅದು ಸಾಯುತ್ತದೆ. ಅದೇ ಹೆಂಗಸಿನ ಉಳಿದ ಜೀವಕೋಶಗಳಲ್ಲಿ ಒಳ್ಳೆಯ ಪ್ರತಿ ಇನ್ನೂ ಇದೆ, ಅವು ತಡೆದುಕೊಳ್ಳುತ್ತವೆ. 2005ರಲ್ಲಿ ಲ್ಯಾಬಿನಲ್ಲಿ ಕಂಡ ಈ ಉಪಾಯ 2014ರ ಕೊನೆಗೆ ಓಲಾಪರಿಬ್ ಎಂಬ ಔಷಧಿಯಾಗಿ ಅಂಡಾಶಯದ ಕ್ಯಾನ್ಸರಿಗೆ ಬಂತು. ಬಾಯಲ್ಲಿ ನುಂಗುವ ಮದ್ದು, ಮನೆಯಲ್ಲೇ ಇದ್ದು ತೆಗೆದುಕೊಳ್ಳಬಹುದು.