ಕುಂಟೆಬಿಲ್ಲೆಗೆ ಹತ್ತಡಿ ಜಾಗ

ಬೆಂಗಳೂರಿನ ಕೊಳೆಗೇರಿಯ ಓಣಿಯೊಂದಕ್ಕೆ ಸಂಜೆ ಹೋಗಿ ನೋಡಿ. ಇಟ್ಟಿಗೆ ಚೂರಿನಲ್ಲಿ ಗೀಚಿದ ಕುಂಟೆಬಿಲ್ಲೆಯ ಮನೆಗಳು ಕಾಣುತ್ತವೆ. ಬೈಕು ಬಂದರೆ ಆಟ ನಿಲ್ಲುತ್ತದೆ. ನೀರಿನ ಟ್ಯಾಂಕರ್ ಬಂದರೆ ಬಿಂದಿಗೆಗಳ ಸಾಲು ಆ ಮನೆಗಳ ಮೇಲೆಯೇ ಕೂರುತ್ತದೆ.

ಮೂಳೆಗೆ ಈ ಆಟ ಬಲು ಇಷ್ಟ. ಒಂಟಿಕಾಲಿನಲ್ಲಿ ನೆಗೆದು ಇಳಿದಾಗ ಕಾಲಿನ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರೊಳಗಿನ ಸೂಕ್ಷ್ಮ ನಾಳಗಳಲ್ಲಿ ದ್ರವ ಅಲುಗಾಡುತ್ತದೆ, ಅಲ್ಲೇ ಹುದುಗಿರುವ ಜೀವಕೋಶಗಳು ಅದನ್ನು ಗ್ರಹಿಸಿ ಹೊಸ ಮೂಳೆ ಕಟ್ಟಲು ಸೂಚನೆ ಕೊಡುತ್ತವೆ. ಹತ್ತಾರು ನೆಗೆತಗಳಾದರೆ ಆ ಕೋಶಗಳು ಮಂದವಾಗುತ್ತವೆ, ಗಂಟೆಗಳ ಬಿಡುವಿನ ನಂತರ ಮತ್ತೆ ಚುರುಕಾಗುತ್ತವೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಅಂದರೆ ಶಾಲೆಯ ಬಿಡುವಿನಲ್ಲೊಮ್ಮೆ, ಸಂಜೆ ಮತ್ತೊಮ್ಮೆ. ಕ್ರೀಡಾಂಗಣವೇನೂ ಬೇಡ.

ಆದರೆ ವಯಸ್ಸು ಮುಖ್ಯ. 1995ರಲ್ಲಿ ಫಿನ್ಲೆಂಡಿನ ಸಂಶೋಧಕರು ಟೆನಿಸ್ ಮತ್ತು ಸ್ಕ್ವಾಷ್ ಆಟಗಾರ್ತಿಯರ ಎರಡೂ ತೋಳುಗಳನ್ನು ಹೋಲಿಸಿದರು. ಆಡುವ ತೋಳಿನ ಮೂಳೆ ಹೆಚ್ಚು ಗಟ್ಟಿಯಾಗಿತ್ತು. ಮೈನೆರೆಯುವ ಹೊತ್ತಿಗಾಗಲೇ ಆಟ ಶುರು ಮಾಡಿದ್ದವರಲ್ಲಿ ಈ ವ್ಯತ್ಯಾಸ, ಬಹಳ ತಡವಾಗಿ ರಾಕೆಟ್ ಹಿಡಿದವರಿಗಿಂತ ಎರಡರಿಂದ ನಾಲ್ಕು ಪಟ್ಟು ಹೆಚ್ಚು. ವಯಸ್ಕರ ಮೂಳೆಯ ಖನಿಜದಲ್ಲಿ ಸುಮಾರು ಕಾಲು ಭಾಗ ಹರೆಯದ ಎರಡೇ ವರ್ಷಗಳಲ್ಲಿ ಸೇರುತ್ತದೆ.

ನಮ್ಮ ಓಣಿಗಳಲ್ಲಿ ಹುಡುಗಿಯನ್ನು ‘ದೊಡ್ಡವಳಾದಳು’ ಎಂದು ಒಳಗೆ ಕರೆಯುವುದು ಸರಿಯಾಗಿ ಅದೇ ಎರಡು ವರ್ಷಗಳಲ್ಲಿ. ತಮ್ಮನನ್ನು ನೋಡಿಕೊಳ್ಳುವ, ನೀರು ಹಿಡಿಯುವ ಕೆಲಸವೂ ಆಗಲೇ ಅವಳ ಪಾಲಿಗೆ ಬರುತ್ತದೆ. ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2016ರ ಅಂದಾಜಿನಂತೆ ಜಗತ್ತಿನ 11ರಿಂದ 17 ವರ್ಷದ ಹುಡುಗರಲ್ಲಿ ಶೇ. 78ರಷ್ಟು ಮಂದಿಗೆ ಅದು ದಕ್ಕುವುದಿಲ್ಲ. ಹುಡುಗಿಯರಲ್ಲಿ ಶೇ. 85.

ಹಸಿರು ಜಾಗ ಮನೆಯಿಂದ 300 ಮೀಟರ್ ಒಳಗಿರಲಿ ಎಂದು ಅದೇ ಸಂಸ್ಥೆಯ ಯುರೋಪ್ ವಿಭಾಗ ಹೇಳುತ್ತದೆ. ಒಳ್ಳೆಯ ಮಾತೇ. ಆದರೆ ಅಳತೆಪಟ್ಟಿಗೆ ಗೇಟು ಕಾಣುವುದಿಲ್ಲ. ಪಾರ್ಕಿನ ಫಲಕಗಳನ್ನು ಓದುವ ಚಾಳಿ ನನಗಿದೆ: ಚೆಂಡಾಟ ನಿಷೇಧ, ಹುಲ್ಲು ತುಳಿಯಬೇಡಿ. ನಡೆಯುವ ಹಿರಿಯರಿಗೆ ಹಾದಿಯಿದೆ, ಓಡುವ ಮಕ್ಕಳಿಗೆ ಸೀಟಿಯಿದೆ. ಪ್ರತಿ ಶಾಲೆಗೂ ಆಟದ ಮೈದಾನ ಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇನೋ ಹೇಳುತ್ತದೆ. ಇದ್ದರೂ ಶಾಲೆ ಬಿಟ್ಟ ಮೇಲೆ ಬೀಗ.

ಆಮ್‌ಸ್ಟರ್‌ಡ್ಯಾಮಿನಲ್ಲಿ ವಾಸ್ತುಶಿಲ್ಪಿ ಆಲ್ಡೋ ವಾನ್ ಐಕ್ 1947ರಿಂದ ಮೂರು ದಶಕಗಳಲ್ಲಿ 700ಕ್ಕೂ ಹೆಚ್ಚು ಆಟದ ತಾಣಗಳನ್ನು ರೂಪಿಸಿದರು. ಅನೇಕವು ಮನೆಗಳ ನಡುವಿನ ಖಾಲಿ ನಿವೇಶನಗಳು: ಒಂದು ಮರಳುಗುಂಡಿ, ಲಾಗ ಹಾಕಲು ಕಬ್ಬಿಣದ ಸರಳು, ನೆಗೆಯಲು ಕಲ್ಲುಗಳು. ಬೇಲಿ ಇರಲಿಲ್ಲ. ನಮ್ಮ ಓಣಿಯ ತುದಿಯಲ್ಲೂ ಅಷ್ಟು ಜಾಗ ಇದೆ. ಸದ್ಯಕ್ಕೆ ಅಲ್ಲಿ ಕಸ ಸುರಿಯುತ್ತೇವೆ.